ಖಾರ್ಕಿವ್‌ನಲ್ಲಿ ಕೊಂಡ ಫೆಡ್-2: ಬಿಚ್ಚಿ, ಒರೆಸಿ, ಬಳಸಿದ ಅನುಭವ

ನನ್ನ ಫೆಡ್-2 ಕ್ಯಾಮೆರಾದಲ್ಲಿ ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ, ಕೊರಳಿಗೆ ಹಾಕಿಕೊಳ್ಳೋಣವೆಂದರೆ ಪಟ್ಟಿ ಸಿಕ್ಕಿಸುವ ಕೊಂಡಿಯೂ ಇಲ್ಲ. ವಯಸ್ಸಿನಲ್ಲಿ ಅದು ನನ್ನ ತಂದೆಯ ಓರಗೆಯದು. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಕೊಂಡದ್ದು. ಈಗ ದಾವಣಗೆರೆಯಲ್ಲಿ ಆಸ್ಪತ್ರೆಯ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅದನ್ನೇ ಎತ್ತಿಕೊಂಡು ಹೊರಡುತ್ತೇನೆ. ಹಳೆಯ ಸೋವಿಯತ್ ಕ್ಯಾಮೆರಾವನ್ನು ನಂಬಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಒಮ್ಮೆ ಬಿಚ್ಚಿ ಸ್ವಚ್ಛ ಮಾಡಿದ್ದರೆ ಕಣ್ಣುಮುಚ್ಚಿ ನಂಬಬಹುದು, ಮಾಡಿರದಿದ್ದರೆ ಒಂದು ರೀಲನ್ನೂ ಅದರ ಕೈಗೆ ಕೊಡಬಾರದು.

ಈ ಕ್ಯಾಮೆರಾ ಹುಟ್ಟಿದ್ದೂ ಖಾರ್ಕಿವ್‌ನಲ್ಲಿಯೇ. ಬೀದಿಪಾಲಾಗಿದ್ದ ಮಕ್ಕಳಿಗಾಗಿ 1927ರಲ್ಲಿ ಅಲ್ಲೊಂದು ಕಮ್ಯೂನ್ ಆರಂಭವಾಯಿತು. ಶಿಕ್ಷಣತಜ್ಞ ಆಂಟನ್ ಮಕರೆಂಕೊ ಅದನ್ನು ನಡೆಸುತ್ತಿದ್ದರು. ಮಕ್ಕಳು ಅರ್ಧ ದಿನ ಓದುತ್ತಿದ್ದರು, ಅರ್ಧ ದಿನ ದುಡಿಯುತ್ತಿದ್ದರು. ಮೊದಲು ವಿದ್ಯುತ್ ಡ್ರಿಲ್‌ಗಳು, ಆಮೇಲೆ 1934ರಿಂದ ಜರ್ಮನಿಯ ಲೈಕಾ-2ರ ಮಾದರಿಯ ಕ್ಯಾಮೆರಾಗಳು ಅವರ ಕೈಯಿಂದ ಹೊರಬಂದವು. ಸೋವಿಯತ್ ಗುಪ್ತ ಪೊಲೀಸ್ ದಳ ಕಟ್ಟಿದ ಫೆಲಿಕ್ಸ್ ಎಡ್ಮಂಡೊವಿಚ್ ಝೆರ್ಜಿನ್‌ಸ್ಕಿಯ ಹೆಸರು ಕಮ್ಯೂನಿಗೂ ಇತ್ತು, ಅದರ ಮೊದಲಕ್ಷರಗಳು ಕ್ಯಾಮೆರಾಕ್ಕೂ ಬಂದವು. ಆ ಮನುಷ್ಯನ ಮೇಲೆ ನನಗೆ ಯಾವ ಗೌರವವೂ ಇಲ್ಲ. ಆದರೆ ಮನೆಮಠವಿಲ್ಲದ ಹುಡುಗ ಹುಡುಗಿಯರು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಯಂತ್ರವನ್ನು ಜೋಡಿಸಲು ಕಲಿತರೆಂಬುದು ನೆನಪಾದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಫೆಡ್ ಎಂದರೆ ಲೈಕಾದ ನಕಲು ಎಂದು ತಳ್ಳಿಹಾಕುವವರು 1955ರಲ್ಲಿ ಬಂದ ಫೆಡ್-2 ಅನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ಲೈಕಾ-2ರಲ್ಲಿ ಫೋಕಸ್ ನೋಡಲು ಒಂದು ಕಿಂಡಿ, ಚೌಕಟ್ಟು ನೋಡಲು ಇನ್ನೊಂದು. ಫೆಡ್-2ರಲ್ಲಿ ಎರಡಕ್ಕೂ ಒಂದೇ. ದೂರ ಅಳೆಯುವ ಎರಡು ಕಿಟಕಿಗಳ ನಡುವಿನ ಅಂತರ ಲೈಕಾದಲ್ಲಿ ಸುಮಾರು 39 ಮಿಲಿಮೀಟರ್ ಇದ್ದರೆ ಇಲ್ಲಿ 67. ಅಂತರ ಹೆಚ್ಚಿದಷ್ಟೂ ಫೋಕಸ್ ಕರಾರುವಾಕ್ಕಾಗುತ್ತದೆ. ಲೈಕಾದಲ್ಲಿ ಫಿಲಂನ ತುದಿಯನ್ನು ಉದ್ದಕ್ಕೆ ಕತ್ತರಿಸಿ ತಳದಿಂದ ತೂರಿಸಬೇಕು. ಫೆಡ್-2ರಲ್ಲಿ ತಳದ ಎರಡು ಕೀಲಿ ತಿರುಗಿಸಿದರೆ ಬೆನ್ನು ಇಡಿಯಾಗಿ ಕಳಚಿ ಬರುತ್ತದೆ. ಒಳಗೆಲ್ಲ ಕಣ್ಣೆದುರಿಗೆ.

ಕೊಂಡದ್ದು ಹಳೆ ಸಾಮಾನಿನ ಸಂತೆಯಲ್ಲಿ, ಚಳಿಗಾಲದ ಒಂದು ಭಾನುವಾರ. ಪದಕಗಳು, ಸಮೋವರ್‌ಗಳು, ತುಕ್ಕು ಹಿಡಿದ ಬೀಗಗಳ ಪಕ್ಕದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟಿದ್ದರು. ಚಿನ್ನದ ಬಣ್ಣ ಬಳಿದು, ನಾಜಿ ಮುದ್ರೆ ಒತ್ತಿದ "ಲೈಕಾ"ಗಳೂ ಇದ್ದವು. ಅವೆಲ್ಲ ಹಳೆಯ ಫೆಡ್ ಅಥವಾ ಜೋರ್ಕಿ ಎಂಬ ಇನ್ನೊಂದು ಸೋವಿಯತ್ ಕ್ಯಾಮೆರಾದ ಮೇಲೆ ಹೆಸರು ಕೊರೆದು ಮಾಡಿದ ನಕಲಿಗಳು, ಹತ್ತಿರ ಸುಳಿಯಬೇಡಿ. ನಾನು ಕೈಗೆತ್ತಿಕೊಂಡ ಫೆಡ್-2ರಲ್ಲಿ ಫಿಲಂಗೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ನಿಗದಿ ಮಾಡುವ ವೇಗದ ಚಕ್ರದ ಕಡೆಗೆ ಬೆರಳು ಚಾಚುತ್ತಿದ್ದಂತೆ ಅಂಗಡಿಯ ಅಜ್ಜ ನನ್ನ ಕೈ ಹಿಡಿದು ರಷ್ಯನ್‌ನಲ್ಲಿ ಹೇಳಿದರು: "ಮೊದಲು ಸುತ್ತು ಮಗನೇ, ವೇಗ ಆಮೇಲೆ." ಈ ಕ್ಯಾಮೆರಾಗಳ ಮೊದಲ ಪಾಠವೇ ಅದು. ಫಿಲಂ ಮುಂದಕ್ಕೆ ಸುತ್ತಿ, ಬೆಳಕು ಬಿಡುವ ಬಾಗಿಲಾದ ಷಟರ್ ಬಿಗಿಯಾದ ಮೇಲಷ್ಟೇ ಚಕ್ರವನ್ನು ಮೇಲೆತ್ತಿ ವೇಗ ಬದಲಿಸಬೇಕು. ಸುತ್ತುವ ಮೊದಲು ಚಕ್ರದ ಗುರುತು ಸರಿಯಾದ ಜಾಗದಲ್ಲಿರುವುದಿಲ್ಲ. ಜೋರ್ಕಿ-4, ಫೆಡ್-3ರಂತಹ, ಒಂದು ಸೆಕೆಂಡಿನವರೆಗೆ ನಿಧಾನ ವೇಗಗಳಿರುವ ಮಾದರಿಗಳಲ್ಲಂತೂ ಈ ಕ್ರಮ ತಪ್ಪಿದರೆ ಒಳಗಿನ ಯಂತ್ರಕ್ಕೇ ಪೆಟ್ಟು.

ಅಜ್ಜನ ಎದುರಿಗೇ ಲೆನ್ಸ್ ತಿರುಗಿಸಿ ತೆಗೆದೆ, ಬೆನ್ನು ಕಳಚಿದೆ, ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ನೋಡಿದೆ. ಷಟರಿನ, ರಬ್ಬರ್ ಲೇಪಿಸಿದ ಕಪ್ಪು ಬಟ್ಟೆಯ ಪರದೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಮಿನುಗುತ್ತದೆ. ನನ್ನದರಲ್ಲಿ ಇರಲಿಲ್ಲ. ದೂರದ ಹೊಗೆಕೊಳವೆಯೊಂದನ್ನು ದೂರ ಅಳೆಯುವ ರೇಂಜ್‌ಫೈಂಡರಿನಲ್ಲಿ ನೋಡಿದಾಗ ಎರಡು ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂತವು. ಕೊಳ್ಳಲು ಅಷ್ಟು ಸಾಕಿತ್ತು.

ಮೊದಲ ರೀಲು ತೊಳೆದಾಗ ರೋಗದ ಲಕ್ಷಣ ಕಾಣಿಸಿತು. ಚಿತ್ರಗಳಲ್ಲಿ ಆಕಾಶದ ಒಂದು ಅಂಚು ಇನ್ನೊಂದಕ್ಕಿಂತ ಕಪ್ಪು, ಅದೂ ಹೆಚ್ಚಿನ ವೇಗಗಳಲ್ಲಿ ಮಾತ್ರ. ಕಾರಣ ಊಹಿಸುವುದು ಕಷ್ಟವಲ್ಲ. ಷಟರಿನಲ್ಲಿ ಎರಡು ಪರದೆಗಳು ಅಡ್ಡಡ್ಡ ಓಡುತ್ತವೆ. ಹೆಚ್ಚಿನ ವೇಗದಲ್ಲಿ ಒಂದರ ಹಿಂದೆ ಇನ್ನೊಂದು ಸಣ್ಣ ಸಂದು ಬಿಟ್ಟು ಹೊರಡುತ್ತದೆ, ಆ ಸಂದಿನಿಂದಲೇ ಫಿಲಂಗೆ ಬೆಳಕು. ಹಳೆಯ ಗ್ರೀಸ್ ಗಟ್ಟಿಯಾಗಿ ಒಂದು ಪರದೆ ತೊಡರಿದರೆ ಓಟದ ನಡುವೆಯೇ ಸಂದಿನ ಅಗಲ ಬದಲಾಗುತ್ತದೆ, ಚಿತ್ರದ ಒಂದು ಬದಿಗೆ ಬೆಳಕು ಸಾಲದು. ಇಂಥ ಹೊತ್ತಿನಲ್ಲಿ ಹಲವರು ಪರದೆಯ ಸ್ಪ್ರಿಂಗನ್ನು ಬಿಗಿ ಮಾಡುತ್ತಾರೆ. ನಾನು ಅದಕ್ಕೆ ಕೈ ಹಾಕಲಿಲ್ಲ. ಮೂಲ ಕಾರಣ ಬಿಟ್ಟು ಲಕ್ಷಣಕ್ಕೆ ಔಷಧ ಕೊಟ್ಟರೆ ಅರ್ಧ ಶತಮಾನ ದಾಟಿದ ಬಟ್ಟೆಯ ಮೇಲೆ ಸುಮ್ಮನೆ ಭಾರ.

ಗಡಿಯಾರ ರಿಪೇರಿಯವರು ಬಳಸುವ ಸ್ಕ್ರೂ ಡ್ರೈವರ್‌ಗಳನ್ನು ಕೊಂಡೆ. ಹಾಸ್ಟೆಲಿನ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಬಿಚ್ಚಿದ ಕ್ರಮದಲ್ಲಿಯೇ ಸ್ಕ್ರೂಗಳನ್ನು ಟೇಪಿಗೆ ಅಂಟಿಸುತ್ತಾ ಹೋದೆ. ಮೇಲಿನ ಮುಚ್ಚಳ ಎತ್ತಿದಾಗ ಕಂಡದ್ದು ಹಿತ್ತಾಳೆಯ ಗಾಲಿಗಳು, ಉಕ್ಕಿನ ಕೊಕ್ಕೆಗಳು, ಅವುಗಳ ಹಲ್ಲುಗಳ ನಡುವೆ ಕಂದು ಬಣ್ಣದ ಅಂಟು. ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ಹತ್ತಿ ಅದ್ದಿ, ಬಟ್ಟೆಗೆ ತಾಗದಂತೆ, ಆ ಅಂಟನ್ನೆಲ್ಲ ಒರೆಸಿದೆ. ಒಣಗಿದ ಮೇಲೆ ಗಡಿಯಾರದ ಎಣ್ಣೆಯನ್ನು ಇನ್ಸುಲಿನ್ ಸಿರಿಂಜಿನ ಸೂಜಿಯಲ್ಲಿ ತೆಗೆದುಕೊಂಡು ಪರದೆಯ ಉರುಳೆಗಳು ತಿರುಗುವ ಬಿಂದುಗಳಿಗೆ ಮಾತ್ರ ಮುಟ್ಟಿಸಿದೆ. ಹನಿ ಬೀಳಬಾರದು, ಸೂಜಿಯ ತುದಿ ತಾಗಿದರೆ ಸಾಕು, ಎಣ್ಣೆ ತಾನಾಗಿ ಒಳಗೆ ಹರಿಯುತ್ತದೆ. ಷಟರ್ ಒತ್ತಿದಾಗ ಅದುವರೆಗೆ ಎಳೆದಂತಿದ್ದ ಸದ್ದು ಚುಟುಕಾಗಿತ್ತು. ಮುಂದಿನ ರೀಲಿನಲ್ಲಿ ಆಕಾಶ ಒಂದೇ ಸಮ.

ಲೆನ್ಸಿನ ಕೆಲಸ ಇನ್ನೂ ಸುಲಭ. ನನ್ನದು ಇಂಡಸ್ಟಾರ್-26ಎಂ, ಅಪರ್ಚರ್ (ಬೆಳಕು ಬಿಡುವ ರಂಧ್ರ) 2.8, ಟೆಸ್ಸಾರ್ ಎಂಬ ಜರ್ಮನ್ ಲೆನ್ಸಿನ ಮಾದರಿಯ ನಾಲ್ಕು ಗಾಜು. ಫೋಕಸ್ ತಿರುಗಿಸುವ ತಿರುಪಿನಲ್ಲಿ ಗ್ರೀಸ್ ಮೇಣವಾಗಿತ್ತು. ಬಿಚ್ಚುವಾಗ ತಿರುಪು ಕಳಚಿಕೊಳ್ಳುವ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುವುದು ಕಡ್ಡಾಯ. ಆ ತಿರುಪು ಹತ್ತಿಕೊಳ್ಳಲು ಹಲವು ಬಾಯಿಗಳಿವೆ, ಬೇರೆ ಬಾಯಿಯಿಂದ ಹತ್ತಿಸಿದರೆ ಫೋಕಸ್ ಎಂದಿಗೂ ಕೂಡುವುದಿಲ್ಲ.

ಇದೇ ಮಾತನ್ನು ಎಲ್ಲ ಸೋವಿಯತ್ ಕ್ಯಾಮೆರಾಗಳ ಬಗ್ಗೆ ಹೇಳಲಾರೆ. ಕೀವ್-4 ಜರ್ಮನಿಯ ಕಾಂಟ್ಯಾಕ್ಸಿನ ವಂಶದ್ದು. ಯುದ್ಧದ ನಂತರ ಪರಿಹಾರದ ರೂಪದಲ್ಲಿ ಜರ್ಮನಿಯಿಂದ ತಂದ ಯಂತ್ರಗಳಿಂದಲೇ ಕೀವ್‌ನ ಆರ್ಸೆನಲ್ ಕಾರ್ಖಾನೆಯಲ್ಲಿ ಆ ಸಾಲು ಶುರುವಾಯಿತು. ಬಹಳ ಚೆಲುವಾದದ್ದು, ಆದರೆ ಅದರ ಲೋಹದ ಷಟರನ್ನು ಮನೆಯ ಮೇಜಿನ ಮೇಲೆ ಬಿಚ್ಚುವ ಧೈರ್ಯ ನನಗಿಲ್ಲ. ಸಹಪಾಠಿಯ ಬಳಿ ಇದ್ದ ಜೆನಿಟ್-ಇ ಕೆಡುವ ಪೈಕಿಯಲ್ಲ, ಅದರ ಹೆಲಿಯೋಸ್ 44-2 ಲೆನ್ಸ್ ಮಸುಕಾದ ಹಿನ್ನೆಲೆಯಲ್ಲಿ ಮೂಡಿಸುವ ಸುಳಿಗೆ ಮನಸೋಲದವರಿಲ್ಲ. ಆದರೆ 24×36 ಮಿಲಿಮೀಟರ್ ಚಿತ್ರದಲ್ಲಿ ಅದರ ಕಿಂಡಿ ತೋರಿಸುವುದು 20×28ರಷ್ಟನ್ನು ಮಾತ್ರ, ಅದೂ ಮಬ್ಬಾಗಿ. ಚೌಕಟ್ಟಿನ ಅಂಚು ನನಗೆ ಮುಖ್ಯವಾದದ್ದರಿಂದ ಅದು ಒಗ್ಗಲಿಲ್ಲ.

ಮೀಟರ್ ಇಲ್ಲದಿರುವುದು ತೊಡಕಲ್ಲ. ಫೆಡ್-4ರಲ್ಲಿ ಸೆಲೆನಿಯಂ ಮೀಟರ್ ಇದೆ, ಆದರೆ ಇಷ್ಟು ವರ್ಷಗಳಲ್ಲಿ ಸೊರಗಿದ ಮೀಟರಿನ ಸುಳ್ಳು ಅಂಕಿಗಿಂತ ಕಣ್ಣಳತೆಯೇ ಮೇಲು. ಐಎಸ್‌ಒ 400ರ ಫಿಲಂ ಹಾಕಿದರೆ ಒಳ್ಳೆಯ ಬಿಸಿಲಿಗೆ 1/500 ಸೆಕೆಂಡು ಮತ್ತು ಅಪರ್ಚರ್ 16, ತೆಳು ಮೋಡಕ್ಕೆ 11, ದಟ್ಟ ಮೋಡಕ್ಕೆ 8. ನೆಗೆಟಿವ್ ಫಿಲಂ ಸಣ್ಣಪುಟ್ಟ ಏರುಪೇರನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹಾಗೆ ಅಂದಾಜಿನಲ್ಲಿ ತೆಗೆದವುಗಳಲ್ಲಿ ಖಾರ್ಕಿವ್‌ನ ಡೆರ್ಝ್‌ಪ್ರೊಮ್ ಕಟ್ಟಡದ ಚಿತ್ರಗಳು ನನಗೆ ಬಹಳ ಪ್ರಿಯ. 1928ರಲ್ಲಿ ಮುಗಿದ ಆ ಕಾಂಕ್ರೀಟ್ ಗೋಪುರಗಳ ನಡುವೆ ಮೇಲ್ಸೇತುವೆಗಳಿವೆ. ಹಿಮ ಬಿದ್ದ ಬೆಳಗಿನಲ್ಲಿ ಇಂಡಸ್ಟಾರಿನ ಮೆದು ಛಾಯೆಗೆ ಅದರ ಬೂದು ಗೋಡೆಗಳು ಹೇಳಿ ಮಾಡಿಸಿದಂತಿದ್ದವು. ಚಳಿ ಹೆಚ್ಚಾದರೆ ಪರದೆ ಮಂದವಾಗುತ್ತದೆ, ಹಾಗಾಗಿ ಕ್ಯಾಮೆರಾವನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು, ಬೇಕಾದಾಗ ಮಾತ್ರ ಹೊರತೆಗೆಯುತ್ತಿದ್ದೆ. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಬಾಂಬ್ ದಾಳಿಗೆ ಆ ಕಟ್ಟಡ ಹಾನಿಗೊಂಡಿತು. ಸುದ್ದಿ ತಿಳಿದ ದಿನ ನೆಗೆಟಿವ್‌ಗಳನ್ನೆಲ್ಲ ಹೊರತೆಗೆದು ಸ್ಕ್ಯಾನ್ ಮಾಡಿ ನನ್ನ ಖಾರ್ಕಿವ್ ಗೆಳೆಯರಿಗೆ ಕಳುಹಿಸಿದೆ.

ಊರಿಗೆ ಬಂದ ಮೇಲೆ ಕಾಟ ಕೊಟ್ಟದ್ದು ಬಿಸಿ ಮತ್ತು ತೇವ. ಫಿಲಂ ತೊಳೆಯುವ ಡಿ-76 ದ್ರಾವಣ 20 ಡಿಗ್ರಿಯಲ್ಲಿರಬೇಕು. ಎಚ್‌ಪಿ5 ಫಿಲಂಗೆ ಆಗ ಏಳೂವರೆ ನಿಮಿಷ. ನಮ್ಮ ನಲ್ಲಿಯ ನೀರು ಬೇಸಿಗೆಯಲ್ಲಿ ಮೂವತ್ತರ ಹತ್ತಿರ ಇರುವುದರಿಂದ ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಬಾಟಲಿ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿ ಇಡುವುದೇ ಇಲ್ಲ. ಚರ್ಮ ತೇವ ಹೀರಿಕೊಂಡು ಲೆನ್ಸಿಗೆ ಬೂಷ್ಟು ಅಂಟಿಸುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಷಟರ್ ಸಡಿಲವಾಗಿರಬೇಕು. ಇನ್ನೊಂದು ಎಚ್ಚರಿಕೆ ನಮ್ಮ ಬಿಸಿಲಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕನ್ನಡಿ ಇಲ್ಲದ ಈ ಕ್ಯಾಮೆರಾದ ಲೆನ್ಸ್ ಸೂರ್ಯನ ಕಡೆ ಮುಖ ಮಾಡಿದರೆ ಬಿಸಿಲು ನೇರವಾಗಿ ಪರದೆಯ ಮೇಲೆ ಕೇಂದ್ರೀಕರಿಸಿ ಬಟ್ಟೆ ಸುಡಬಹುದು. ನಡೆಯುವಾಗ ಮುಚ್ಚಳ ಹಾಕಿಯೇ ಇರಬೇಕು.

ನನ್ನ ನಂತರ ಅಲ್ಲಿ ಓದಿದ ಹಾವೇರಿಯ ಹುಡುಗನೊಬ್ಬ ಕಳೆದ ತಿಂಗಳು ತನ್ನ ಫೆಡ್-2 ತಂದುಕೊಟ್ಟ. "ಸರ್, ಇದು ಒತ್ತಿದರೂ ಅಲುಗುತ್ತಿಲ್ಲ, ನೀವೇ ನೋಡಿ" ಎಂದ. ಟಾರ್ಚ್ ಹಿಡಿದು ನೋಡಿದರೆ ಪರದೆಯ ಮಡಿಕೆಗಳಲ್ಲಿ ಸಾಲು ಬಿರುಕು, ಒರೆಸಿದರೆ ಹೋಗುವಂಥದ್ದಲ್ಲ. ಹೊಸ ಬಟ್ಟೆ ತರಿಸಿದ್ದೇನೆ. ಹಳೆಯದನ್ನು ಬಿಸಿ ಮಾಡಿ ಮೆಲ್ಲಗೆ ಬಿಡಿಸಿ, ಅದರ ಮೇಲೆಯೇ ಅಳತೆ ಇಟ್ಟು ಕತ್ತರಿಸಬೇಕು. ಈ ವಾರ ರಾತ್ರಿ ಪಾಳಿ ಇಲ್ಲ.