ಬಾರಿ ಹಣ್ಣಿನ (ಬೋರೆ) ತಳಿ ಹೋಲಿಸೋರಿಗೆ: ತಕ್ಕಡಿ ಜೊತೆ ಟೇಪೂ ಇರಲಿ

ಉಮ್ರಾನ್, ಗೋಲಾ, ಆಪಲ್ ಬಾರಿ ಇವುಗಳಲ್ಲಿ ಯಾವುದು ಹೆಚ್ಚು ಬಿಡ್ತದೆ ಅಂತ ನೋಡುವಾಗ ಗಿಡಕ್ಕೆ ಎಷ್ಟು ಕಿಲೋ ಅಂತ ಲೆಕ್ಕ ಹಾಕಬೇಡಿ. ಕಸಿ ಗಂಟಿನ ಮೇಲೆ ಒಂದು ಗೇಣು ಬಿಟ್ಟು ಕಾಂಡದ ಸುತ್ತಳತೆ ಹಿಡಿದು, ಅದರ ವರ್ಗದಿಂದ ಇಡೀ ಹಂಗಾಮಿನ ತೂಕವನ್ನು ಭಾಗಿಸಿ. 40 ಸೆಂ.ಮೀ. ಸುತ್ತಳತೆಯ ಗಿಡ 48 ಕಿಲೋ ಕೊಟ್ಟರೆ 40×40, ಅಂದ್ರೆ 1600ಕ್ಕೆ 48 ಕಿಲೋ, ಒಂದಕ್ಕೆ 30 ಗ್ರಾಂ. 30 ಸೆಂ.ಮೀ. ಗಿಡ 36 ಕಿಲೋ ಕೊಟ್ಟರೆ 900ಕ್ಕೆ 36 ಕಿಲೋ, ಒಂದಕ್ಕೆ 40 ಗ್ರಾಂ. ಕಡಿಮೆ ಬಿಟ್ಟಂತೆ ಕಂಡ ಎರಡನೆಯದೇ ಮುಂದು. ದೊಡ್ಡ ಗಿಡ ಜಾಗ, ನೀರು ಎರಡನ್ನೂ ಹೆಚ್ಚು ತಿಂತದೆ. ಈ ಲೆಕ್ಕ ಆ ಗಾತ್ರದ ಲಾಭವನ್ನು ಕಳೆದು ತಳಿಯ ಗುಣ ತೋರಿಸ್ತದೆ. ಹಣ್ಣಿನ ರುಚಿ ಹೋಲಿಸೋಕೆ ದಿನ ನೋಡಬೇಡಿ, ಬಣ್ಣ ನೋಡಿ. ಗೋಲಾ ಮುಂಚೆ ಮಾಗ್ತದೆ, ಉಮ್ರಾನ್ ತಡ. ಒಂದೇ ದಿನ ಕಿತ್ತರೆ ಉಮ್ರಾನ್ ಸುಮ್ನೆ ಸಪ್ಪೆ ಅನ್ನಿಸಿಕೊಳ್ತದೆ. ಆಯಾ ತಳಿ ಮಾಗಿದ ಬಣ್ಣಕ್ಕೆ ಬಂದ ಮೇಲೆ ಗಿಡದ ನಾಲ್ಕೂ ದಿಕ್ಕಿನಿಂದ 5ರಂತೆ 20 ಹಣ್ಣು ಕಿತ್ತು ತೂಗಿ, ಬೀಜ ತೆಗೆದು ಬೀಜವನ್ನಷ್ಟೇ ಮತ್ತೆ ತೂಗಿ. ವ್ಯತ್ಯಾಸವೇ ತಿರುಳು. ನೀರು ಬಿಟ್ಟ ಮರುದಿನ ಸಿಹಿ ಅಳೆಯಬೇಡಿ, ರಸ ತೆಳ್ಳಗಾಗಿರ್ತದೆ. ಹುಳ ಬಿದ್ದ ಹಣ್ಣು ಬೇರೆ ತೂಗಿ, ಆದರೆ ಲೆಕ್ಕದಿಂದ ಬಿಡಬೇಡಿ. ಗಿಡಗಳ ವಯಸ್ಸು ಬೇರೆ ಬೇರೆ ಇದ್ದರೆ, ಬೇಸಿಗೆ ಸವರುವಿಕೆ ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟಿದ್ದರೆ, ಅಥವಾ ಒಂದು ಕಲಬುರಗಿಯ ಎರೆ (ಕಪ್ಪು) ಭೂಮಿಯಲ್ಲಿ, ಇನ್ನೊಂದು ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಇದ್ದರೆ ಈ ಲೆಕ್ಕ ಕೈ ಕೊಡ್ತದೆ. ತಳಿಗೆ ಒಂದೇ ಗಿಡ ಇದ್ದರೂ ಅಷ್ಟೇ. ಕನಿಷ್ಠ 3 ಗಿಡ, 2 ಹಂಗಾಮು ಬೇಕು.