ಅರ್ಧ ಬೆಳ್ಳಿಯ ರೂಪಾಯಿಗೆ ಎಂಎಸ್ 65: ನನ್ನ ಅನುಭವ

ಆರನೇ ಜಾರ್ಜ್‌ನ 1940–45ರ ರೂಪಾಯಿ ನಾಣ್ಯವನ್ನು ವಿದೇಶದ ಕಂಪನಿಗೆ ಕಳಿಸಿ ಗ್ರೇಡಿಂಗ್ (ಸ್ಥಿತಿ ನೋಡಿ ಅಂಕ ಕೊಡುವುದು) ಫೀಸು ಕಟ್ಟುವುದು ದುಡ್ಡು ದಂಡ ಅಂತ ಮೈಸೂರಿನ ಗೆಳೆಯರೆಲ್ಲ ಹೇಳುತ್ತಿದ್ದರು. ಬೆಳ್ಳಿ ಅರ್ಧವೇ, ಉಳಿದದ್ದು ತಾಮ್ರ, ನಿಕಲ್, ಸತು. ಇದಕ್ಕೆ ಲಸ್ಟರ್, ಅಂದರೆ ಅಚ್ಚಾದಾಗಿನ ಮೂಲ ಹೊಳಪು, ಎಲ್ಲಿಂದ ಬರಬೇಕು ಅನ್ನುವುದು ಅವರ ವಾದ. ಕಳೆದ ಸಲ ಕಳಿಸಿದ ಲಾಟಿನಲ್ಲಿ ನನ್ನ 1944ರ ಲಾಹೋರ್ ಟಂಕಸಾಲೆಯ ರೂಪಾಯಿಗೆ ಎಂಎಸ್ 65 ಬಂತು. ಎಂಎಸ್ ಅಂದರೆ ಮಿಂಟ್ ಸ್ಟೇಟ್, ಚಲಾವಣೆಯಲ್ಲಿ ಸವೆಯದ ನಾಣ್ಯ; ಅದರ ಅಂಕ 60ರಿಂದ 70. ಜೊತೆಗೆ ಮೂರ್ನಾಲ್ಕು 64, ಉಳಿದವು 63, 62. ಡೀಟೇಲ್ಸ್, ಅಂದರೆ ತಿಕ್ಕಿ ಕೆಡಿಸಿದ್ದು ಅಂತ ಅಂಕ ಕೊಡದೆ ವಾಪಸ್ ಕಳಿಸಿದ್ದು, ಒಂದೂ ಇಲ್ಲ.

ಅದಕ್ಕೂ ಮುಂಚಿನ ಲಾಟುಗಳು ಮುಳುಗಿದ್ದವು. ಆಗ ಅಶೋಕ ರಸ್ತೆ ಕಡೆಯ ಗಿರವಿ ಅಂಗಡಿಗಳಿಂದ ಆರಿಸುತ್ತಿದ್ದೆ. ಅಲ್ಲಿಗೆ ಬರುವ ರೂಪಾಯಿಗಳಲ್ಲಿ ಮುಕ್ಕಾಲು ಪಾಲು ದೇವರ ಮನೆಯವು. ವರ್ಷಾ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಥಳಥಳ ಅನ್ನಿಸಿರುತ್ತಾರೆ. ಒಂದೇ ದೀಪದ ಕೆಳಗೆ ವಾಲಿಸಿ ಲೂಪ್ (ಭೂತಗನ್ನಡಿ) ಹಿಡಿದರೆ ರಾಜನ ಮುಖದ ಮುಂದಿನ ಬಯಲಿನಲ್ಲಿ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಕುಂಕುಮದ ಪುಡಿ. ಎಲ್ಲ ಡೀಟೇಲ್ಸ್ ಆಗಿ ಬಂದವು. ಫೀಸು, ಏಜೆಂಟ್ ಕಮಿಷನ್, ವಿಮೆ, ಕೊರಿಯರ್ ಸೇರಿ ಒಂದೊಂದಕ್ಕೆ ಹತ್ತಿರ ಹತ್ತಿರ 3000 ಬಿದ್ದಿತ್ತು. ಒಟ್ಟು 50–60 ಸಾವಿರ ಹೋಯಿತು. ಆ ಸ್ಲ್ಯಾಬುಗಳನ್ನು (ಕಂಪನಿ ನಾಣ್ಯವನ್ನು ಮುಚ್ಚಿ ಕಳಿಸುವ ಪ್ಲಾಸ್ಟಿಕ್ ಡಬ್ಬಿ) ಬೆಳ್ಳಿ ರೇಟಿಗೂ ಕೇಳುವವರಿರಲಿಲ್ಲ.

ಆಮೇಲೆ ಕಪ್ಪಗಿರುವುದನ್ನೇ, ಅಂದರೆ ಯಾರೂ ಉಜ್ಜದೇ ಇರುವುದನ್ನೇ, ಹುಡುಕತೊಡಗಿದೆ. ಮಂಡ್ಯ ಕಡೆ ಹಳ್ಳಿಮನೆಗಳ ಟ್ರಂಕಿನಲ್ಲಿ ಬಟ್ಟೆಯ ಗಂಟು ಕಟ್ಟಿಟ್ಟು ಮರೆತವು ನನಗೆ ಬೇಕಾದವು. ಕೊಡುವವರಿಗೆ ಕಪ್ಪು ನಾಣ್ಯ ಕೊಡಲು ಸಂಕೋಚ. "ತಡೀರಿ ಸಾ, ಉಣ್ಸೆಣ್ಣಾಕಿ ತಿಕ್ಕೊಡ್ತೀನಿ" ಅಂತ ಎದ್ದರೆ ಕೈಮುಗಿದು ಕೂರಿಸಬೇಕು. ಇಂಥದ್ದಕ್ಕೆ 100–200 ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಯಾವ ಊರು ಅಂತ ಮಾತ್ರ ಹೇಳಲ್ಲ.

ಎಣ್ಣೆ ಜಿಡ್ಡಿಗೆ, ಹಳೇ ಪಿವಿಸಿ ಆಲ್ಬಮ್ಮಿನ ಹಸಿರು ಅಂಟಿಗೆ ಶುದ್ಧ ಅಸಿಟೋನ್ ಎಂಬ ದ್ರಾವಕ ಒಂದೇ ಮದ್ದು. ಗಾಜಿನ ಬಟ್ಟಲು, ಕಿಟಕಿ ತೆಗೆದ ಕೋಣೆ, ಒಲೆ ದೂರ. ಎರಡನೇ ಬಟ್ಟಲಿನ ಹೊಸ ಅಸಿಟೋನಿನಲ್ಲಿ ಅದ್ದಿ ತೆಗೆದು ತಾನಾಗಿ ಆರಲು ಬಿಡುತ್ತೇನೆ, ಬಟ್ಟೆ ತಾಗಿಸುವುದಿಲ್ಲ. ಎಷ್ಟು ಹೊತ್ತು, ಮಧ್ಯೆ ಏನು ಮಾಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಗೆಳೆಯರ ಬಾಯಿ ಮುಚ್ಚಿಸಲು ಒಂದೇ ಗಂಟಿನ 1945ರ ಮೂರು ನಾಣ್ಯ ತೆಗೆದುಕೊಂಡೆ. ಒಂದು ಹುಣಸೆ ರಸಕ್ಕೆ, ಒಂದು ಅಡುಗೆ ಸೋಡ ಮತ್ತು ಅಲ್ಯೂಮಿನಿಯಂ ಹಾಳೆ ಹಾಕಿದ ಬಿಸಿನೀರಿಗೆ, ಒಂದು ಅಸಿಟೋನಿಗೆ. ಹುಣಸೆಯದು ಕೆಂಪಗಾಯಿತು, ಮಿಶ್ರಣದ ತಾಮ್ರ ಎದ್ದು ಬಂತು. ಸೋಡದ್ದು ಬೆಳ್ಳಗಾಗಿ ಸುಣ್ಣ ಬಳಿದಂತೆ ನಿರ್ಜೀವ. ಮೂರನೆಯದರ ಜಿಡ್ಡು ಹೋಯಿತು, ಟೋನಿಂಗ್ (ಕಾಲಕ್ರಮದಲ್ಲಿ ಮೇಲೆ ಕೂತ ಬಣ್ಣ) ಹಾಗೇ ಉಳಿಯಿತು, ವಾಲಿಸಿದಾಗ ಬೆಳಕು ಸುತ್ತ ತಿರುಗಿತು. ಅದಕ್ಕೇ ಮುಂದೆ 63 ಬಂದದ್ದು.

ಟಿಪ್ಪುವಿನ ಆನೆ ಪೈಸೆ, 1911ರ ಹಂದಿ ರೂಪಾಯಿ (ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡದ್ದು) ಯಾಕೆ ಕಳಿಸಲಿಲ್ಲ ಅಂತ ಕೇಳುತ್ತಾರೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಾವು ದೇಶದಾಚೆ ಕಳಿಸುವ ಹಾಗಿಲ್ಲ. ಅಂಥವು ಬೀರುವಿನಲ್ಲೇ ಇವೆ, ಇರುತ್ತವೆ.

64ರಲ್ಲಿ ಎರಡನ್ನು ತಲಾ 8–9 ಸಾವಿರಕ್ಕೆ ಕೊಟ್ಟೆ. ಹಳೇ ನಷ್ಟ ಇನ್ನೂ ಪೂರ್ತಿ ತೀರಿಲ್ಲ. 65ನ್ನು ಅದೇ ಗೆಳೆಯರಲ್ಲೊಬ್ಬರು ಎರಡು ಸಲ ಕೇಳಿದ್ದಾರೆ, ಕೊಟ್ಟಿಲ್ಲ. ಮುಂದಿನ ಲಾಟಿಗೆ 1947ರ ನಿಕಲ್ ಹುಲಿ ರೂಪಾಯಿ ಕೂಡಿಸುತ್ತಿದ್ದೇನೆ. ಹುಲಿಯ ಮೈಪಟ್ಟೆ ಪೂರ್ತಿ ಮೂಡಿರುವುದನ್ನಷ್ಟೇ ತೆಗೆದಿಡುತ್ತಿದ್ದೇನೆ.