ಗೇಟಿಂದ ಜಗಲಿವರೆಗಿನ ಕಾಂಕ್ರೀಟು: ಮೇಲ್ಪದರ ಯಾವಾಗ ಹಾಕ್ಬೇಕು, ಯಾವಾಗ ಒಡೆದೇ ತೆಗೀಬೇಕು

ಪ್ರತಿ ವರ್ಷ ಮೇ ಕೊನೇ ವಾರ ನಮ್ಮ ಕುಮಟಾ ಕಡೆ ಇದೇ ಕಥೆ. ಮಳೆ ಹಿಡಿಯೋಕೆ ಇನ್ನು ಹತ್ತೇ ದಿನ ಅನ್ನುವಾಗ ಎಲ್ರಿಗೂ ಗೇಟಿಂದ ಜಗಲಿವರೆಗಿನ ಕಾಂಕ್ರೀಟಿನ ಮೇಲೆ ಕಣ್ಣು ಬೀಳ್ತದೆ, ಎರಡು ಚೀಲ ಸಿಮೆಂಟ್ ತಂದು ನೀರಲ್ಲಿ ಕಲಸಿ ಹಿಡಿಯಲ್ಲಿ (ಕಡ್ಡಿ ಪೊರಕೆಯಲ್ಲಿ) ಎಳೆದು ಬಿಡ್ತಾರೆ, ಒಂದು ವಾರ ಹೊಸದರ ಹಾಗೇ ಕಾಣ್ತದೆ. ಚೌತಿ ಹೊತ್ತಿಗೆ ಹಪ್ಪಳದ ಹಾಗೆ ಎದ್ದಿರ್ತದೆ. ನಮ್ಮನೇಲೂ ಒಬ್ರು ಕಂಟ್ರಾಕ್ಟರು ಹೀಗೇ ಬಳಿದು ದುಡ್ಡು ತಗೊಂಡು ಹೋಗಿದ್ರು. ಚೌತಿಗೆ ಬಂದ ಅತ್ತೆ ಆ ಸಡಿಲಾದ ಪದರದ ಮೇಲೆ ಕಾಲಿಟ್ಟು ಜಾರಿ ಮಣಿಕಟ್ಟು ಮುರ್ಕೊಂಡ್ರು. ಅದಕ್ಕೇ ಇಷ್ಟು ಉದ್ದ ಬರೀತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೊದ್ಲು ಗೊತ್ತಾಗ್ಬೇಕಾದ್ದು ಒಂದೇ, ಕೆಟ್ಟಿರೋದು ಮೇಲಿನ ಚರ್ಮವೋ ಅಡಿಯ ನೆಲವೋ. ಚರ್ಮ ಮಾತ್ರ ಕೆಟ್ಟಿದ್ರೆ ಮೇಲ್ಪದರ ಹಾಕಿ, ಹತ್ತು ವರ್ಷದ ಚಿಂತೆ ಹೋಗ್ತದೆ. ನೆಲ ಕುಸಿದಿದ್ರೆ ಮೇಲೆ ಏನು ಹಾಕಿದ್ರೂ ಅದೂ ಜೊತೆಗೇ ಕುಸೀತದೆ. ಹಾವಸೆ ಕಟ್ಟಿ ಕಪ್ಪಾಗಿದೆ ಅನ್ನೋದು ಕಾರಣವೇ ಅಲ್ಲ, ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ, ಹಾವಸೆ ಬಂದೇ ಬರ್ತದೆ, ತಂತಿ ಬ್ರಷ್ಷಲ್ಲಿ ತಿಕ್ಕಿ ತೊಳೀರಿ ಸಾಕು.

ನೋಡೋ ಕೆಲ್ಸ ಮಳೆಗಾಲದಲ್ಲೇ ಶುರು ಮಾಡಿ. ಜಡಿಮಳೆ ಹೊಡೀತಿರುವಾಗ ಕೊಡೆ ಹಿಡ್ಕೊಂಡು ನಿಂತು ನೀರು ಎಲ್ಲಿ ನಿಲ್ತದೆ, ಯಾವ ಬಿರುಕಲ್ಲಿ ಇಳೀತದೆ, ಕೆಳಗಿನ ಅಂಚಿಂದ ಕೆಂಪು ನೀರು ಬರ್ತಿದ್ಯಾ ನೋಡಿ. ಕೆಂಪು ನೀರು ಬಂದ್ರೆ ಅಡಿಯ ಮಣ್ಣು ತೊಳ್ಕೊಂಡು ಹೋಗ್ತಿದೆ ಅಂತ ಲೆಕ್ಕ. ಗಜನಿಗೆ (ಉಪ್ಪು ನೀರು ನುಗ್ಗೋ ತಗ್ಗು ಗದ್ದೆಗೆ) ಮಣ್ಣು ತುಂಬಿ ಕಟ್ಟಿದ ಮನೆಗಳಲ್ಲಿ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲಿ ಧರೆ, ಅಂದ್ರೆ ಗುಡ್ಡದ ಬದಿ, ಕಡಿದು ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಮಾಡಿದ ಅಂಗಳಗಳಲ್ಲಿ ಇದು ಮಾಮೂಲು.

ಆಮೇಲೆ ಬಿರುಕು. ಎಟಿಎಂ ಕಾರ್ಡು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ ಇರ್ತದೆ, ಹಳೇ ಕಾರ್ಡು ನಾಲ್ಕು ಜೋಡಿಸಿ ಹಿಡೀರಿ. ಒಂದೂ ಹೋಗ್ದಿದ್ರೆ ಅದು ಬರೀ ಚರ್ಮದ ಬಿರುಕು. ನಾಲ್ಕೂ ಸಲೀಸಾಗಿ ಇಳಿದ್ರೆ ಅಡಿಯ ನೆಲದ ಮೇಲೇ ಸಂಶಯ ಪಡಿ. ಅದಕ್ಕಿಂತ ಮುಖ್ಯ, ಬಿರುಕಿನ ಎರಡು ದಡ ಒಂದೇ ಮಟ್ಟದಲ್ಲಿ ಇದ್ಯಾ ಅನ್ನೋದು. ಕಣ್ಣಿಗೆ ಕಾಣಲ್ಲ, ಬರಿಗಾಲಲ್ಲಿ ಅಡ್ಡ ಎಳೀರಿ. ಹೆಬ್ಬೆರಳಿಗೆ ಮೆಟ್ಟಿಲು ಸಿಕ್ಕಿದ್ರೆ ಒಂದು ದಡ ಕುಸಿದಿದೆ, ಇಲ್ಲಾ ಮಾವು ಹಲಸಿನ ಬೇರು ಎತ್ತಿದೆ. ಅಲ್ಲಿಗೆ ಮೇಲ್ಪದರದ ಮಾತು ಮುಗೀತು.

ಸಂಶಯ ಇದ್ರೆ ಸೆಪ್ಟೆಂಬರಲ್ಲಿ ಮಳೆ ಬಿಟ್ಟ ದಿನ ಬಿರುಕಿನ ಮೇಲೆ ಅಡ್ಡಕ್ಕೆ ಮೂರು ನಾಲ್ಕು ಕಡೆ ಬಿಳಿ ಸಿಮೆಂಟಿನ ತೆಳು ಪಟ್ಟಿ ಬಳಿದು ಪಕ್ಕದಲ್ಲಿ ತಾರೀಖು ಬರ್ದಿಡಿ. ನೆಲ ಒಣಗ್ತಾ ಬಂದು ಡಿಸೆಂಬರ್ ಹೊತ್ತಿಗೆ ಆ ಪಟ್ಟಿ ಸೀಳಿದ್ರೆ ಬಿರುಕಿಗೆ ಇನ್ನೂ ಜೀವ ಇದೆ. ಸೀಳ್ದಿದ್ರೆ ಧೈರ್ಯವಾಗಿ ಮುಂದೆ ಹೋಗಿ.

ಈಗ ಸುತ್ತಿಗೆ. ಇದನ್ನ ಯಾರೂ ಮಾಡಲ್ಲ, ಮಾಡಿದ್ರೂ ನಾಲ್ಕು ಕಡೆ ತಟ್ಟಿ ಎದ್ದು ಬಿಡ್ತಾರೆ. ಸೀಮೆಸುಣ್ಣದಲ್ಲಿ ಇಡೀ ಜಾಗಕ್ಕೆ ಒಂದೊಂದು ಅಡಿಯ ಚೌಕ ಹಾಕಿ, ಬೆಳಿಗ್ಗೆ ಗಾಡಿ ಸದ್ದು ಶುರುವಾಗೋ ಮುಂಚೆ ಮಂಡಿಯೂರಿ ಕೂತು ಅರ್ಧ ಕೆಜಿ ಸುತ್ತಿಗೆಯಲ್ಲಿ ಪ್ರತಿ ಚೌಕಕ್ಕೂ ಮೆತ್ತಗೆ ತಟ್ಟಿ. ಟಣ್ ಅಂತ ಗಟ್ಟಿ ಸದ್ದು ಬಂದ್ರೆ ಒಳ್ಳೇದು. ಡಬ್ ಅಂತ ಹಲಸಿನ ಹಣ್ಣು ತಟ್ಟಿದ ಹಾಗೆ ಬಂದ್ರೆ ಒಳಗೆ ಪೊಳ್ಳು, ಆ ಚೌಕಕ್ಕೆ ಗೀಟು ಹಾಕಿ. ಕೊನೆಗೆ ಗೀಟು ಎಣಿಸಿ. ನಾಲ್ಕರಲ್ಲಿ ಒಂದು ಪಾಲಿಗಿಂತ ಕಮ್ಮಿ ಇದ್ರೆ ಅಷ್ಟು ಮಾತ್ರ ಕಡಿದು ತುಂಬಿಸಿ ಮೇಲ್ಪದರ ಹಾಕ್ಬಹುದು, ಮೂರರಲ್ಲಿ ಒಂದು ಪಾಲು ದಾಟಿದ್ರೆ ನಾನಂತೂ ಒಡೆದೇ ತೆಗೆಸ್ತೇನೆ.

ತುಕ್ಕಿನ ಕಲೆ ಇದ್ರೆ ಅದಕ್ಕೆ ಬೇರೆಯೇ ಲೆಕ್ಕ. ಕರಾವಳೀಲಿ ಅಳಿವೆ ಹತ್ರದ ಉಪ್ಪು ಮರಳು ಹಾಕಿದ ಕಾಂಕ್ರೀಟಲ್ಲಿ ಸರಳು ಬೇಗ ತುಕ್ಕು ಹಿಡೀತದೆ, ತುಕ್ಕು ಹಿಡಿದ ಕಬ್ಬಿಣ ಉಬ್ತದೆ, ಉಬ್ಬಿ ಕಾಂಕ್ರೀಟನ್ನ ಒಳಗಿಂದಲೇ ಸೀಳ್ತದೆ. ಸರಳು ಓಡಿದ ಗೆರೆಯಲ್ಲೇ ಕಂದು ಕಲೆ ಇದ್ರೆ ಅಷ್ಟು ಭಾಗ ಕಡಿದು ಸರಳು ಬಿಡಿಸಿ ಉಜ್ಜಿ ಸರಿ ಮಾಡದೆ ಮೇಲೆ ಏನೂ ಹಾಕ್ಬೇಡಿ.

ಹಾಗಾದ್ರೆ ಮೇಲ್ಪದರ ಯಾವುದಕ್ಕೆ? ಕೈ ಉಜ್ಜಿದ್ರೆ ಬಿಳಿ ಪುಡಿ ಬರ್ತದೆ, ಜಲ್ಲಿ ಹೊರಗೆ ಕಾಣ್ತದೆ, ಅಲ್ಲಲ್ಲಿ ಚಕ್ಕೆ ಎದ್ದಿದೆ, ಆದ್ರೆ ಸುತ್ತಿಗೆ ಟಣ್ ಅಂತದೆ, ಅಂಥದ್ದಕ್ಕೆ. ನವೆಂಬರಿಂದ ಫೆಬ್ರವರಿವರೆಗೆ ಮಾತ್ರ ಮಾಡಿ. ಮೇ ತಿಂಗಳಲ್ಲಿ ಬೇಡ್ವೇ ಬೇಡ.

ಮಾಡೋ ಮುಂಚೆ ಗೇಟು ತೆರೆದು ಮುಚ್ಚಿ ನೋಡಿ, ಯಾಕಂದ್ರೆ ಮಾಮೂಲಿ ಸಣ್ಣ ಜಲ್ಲಿ ಕಾಂಕ್ರೀಟಾದ್ರೆ 2 ಇಂಚಾದ್ರೂ ಬೇಕು, ಅಷ್ಟು ಮಟ್ಟ ಎದ್ದಾಗ ಗೇಟು ತಾಗ್ತದೆ, ನೀರು ಜಗಲಿ ಕಡೆ ತಿರುಗ್ತದೆ. ಹತ್ತು ಅಡಿಗೆ 2 ಇಂಚಾದ್ರೂ ಇಳಿಜಾರು ರಸ್ತೆ ಕಡೆಗೇ ಇರ್ಬೇಕು. ಜಾಗ ಇಲ್ದಿದ್ರೆ ಪಾಲಿಮರ್ ಸೇರಿಸಿದ ರೆಡಿ ಮಿಕ್ಸ್ ಚೀಲ ತಗೊಳ್ಳಿ, ಕೆಲವು ಮಿಲಿಮೀಟರಲ್ಲೇ ಹಿಡೀತದೆ, ಎಷ್ಟು ದಪ್ಪ ಅಂತ ಚೀಲದ ಮೇಲೇ ಇರ್ತದೆ. ಇವೆರಡರ ನಡುವೆ 1 ಇಂಚು ಬರೀ ಸಿಮೆಂಟು ಮರಳಿನ ಗಾರೆ ಹಾಕಿಸ್ತಾರಲ್ಲ, ಅದು ನಿಲ್ಲಲ್ಲ.

ಹಳೇ ಮೈ ಒರಟು ಮಾಡೋದೇ ಅರ್ಧ ಕೆಲ್ಸ. ಮೇಸ್ತ್ರಿಗಳು ಕಚ್ಚು ಹಾಕೋದು ಅಂತಾರೆ. ಅಡಿಗೊಂದು ಪೆಟ್ಟಲ್ಲ, ಇಡೀ ಮೈಯ ಹಾಲು ಪದರ (ಮೇಲೆ ತೇಲಿ ಬಂದು ಒಣಗಿದ ಸಿಮೆಂಟು ಹಾಲಿನ ದುರ್ಬಲ ಪದರ) ಹಾರಿ ಜಲ್ಲಿ ಕಾಣೋವರೆಗೆ ಚಾಣದಲ್ಲೋ ಗ್ರೈಂಡರಿನ ಡೈಮಂಡ್ ಚಕ್ರದಲ್ಲೋ ತೆಗೀಬೇಕು. ಮೂಗು ಬಾಯಿಗೆ ಮಾಸ್ಕ್ ಕೊಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಬಾತ್‌ರೂಮ್ ಆಸಿಡ್ ಹೊಯ್ಯೋ ಅಡ್ಡದಾರಿ ಹಿಡೀಬೇಡಿ, ಅದರ ಕ್ಲೋರೈಡು ಒಳಗೇ ಕೂತು ಸರಳು ತಿಂತದೆ. ತೊಳೆದಾದ ಮೇಲೆ ಒಂದು ಲೋಟ ನೀರು ಹೊಯ್ದು ನೋಡಿ, ಹೀರಿದ್ರೆ ಸರಿ, ಮಣಿಯಾಗಿ ನಿಂತ್ರೆ ಎಣ್ಣೆ ಇದೆ, ಮತ್ತೆ ಉಜ್ಜಿ.

ಹಾಕೋ ಹಿಂದಿನ ರಾತ್ರಿ ಪೂರ್ತಿ ನೆನೆಸಿ. ಬೆಳಿಗ್ಗೆ ಒಳಗೆ ತೇವ ಇರ್ಬೇಕು, ಮೇಲೆ ನೀರು ನಿಂತಿರ್ಬಾರ್ದು, ಅಂಗೈ ಇಟ್ಟು ತೆಗೆದ್ರೆ ತಂಪಾಗಿರ್ಬೇಕು ಕೈ ಒದ್ದೆ ಆಗ್ಬಾರ್ದು. ಒಣಗಿದ ಕಾಂಕ್ರೀಟು ಹೊಸದರ ನೀರು ಕುಡಿದು ಬಿಡ್ತದೆ, ಹೆಚ್ಚಿನ ಕಡೆ ಎದ್ದು ಬರೋದು ಇದರಿಂದಲೇ. ನಂತರ ಸಿಮೆಂಟಿಗೆ ಎಸ್‌ಬಿಆರ್ ಲೇಟೆಕ್ಸ್ (ಹಳೇದಕ್ಕೆ ಹೊಸದು ಅಂಟಿಸೋ ರಬ್ಬರಿನ ಹಾಲು) ಡಬ್ಬದ ಮೇಲಿನ ಅಳತೆಯಲ್ಲಿ ಸೇರಿಸಿ ಬ್ರಷ್ಷಲ್ಲಿ ತಿಕ್ಕಿ ಹಚ್ಚಿ, ಅದು ಅಂಟಂಟಾಗಿರುವಾಗಲೇ ಹೊಸ ಮಾಲು ಬೀಳ್ಬೇಕು. ಇಡೀ ಅಂಗಳಕ್ಕೆ ಒಟ್ಟಿಗೆ ಬಳೀಬೇಡಿ, ಒಣಗಿದ್ರೆ ಅಂಟಿನ ಬದ್ಲು ಅದೇ ಬಿಡಿಸೋ ಪದರ ಆಗ್ತದೆ. ಸಿಮೆಂಟ್ ಚೀಲದ ಮೇಲೆ ಪ್ಯಾಕ್ ಮಾಡಿದ ವಾರ ಓದಿ, ಮೂರು ತಿಂಗಳು ದಾಟಿದ್ದು ವಾಪಸ್ ಕಳ್ಸಿ.

ಮಾಲು ನುಣ್ಣಗೆ ಬರ್ಲಿ ಅಂತ ಕೆಲ್ಸದವ್ರು ನೀರು ಜಾಸ್ತಿ ಹೊಯ್ತಾರೆ, ಆಮೇಲೆ ಮೇಲೆ ನಿಂತ ನೀರಿಗೆ ಒಣ ಸಿಮೆಂಟ್ ಉದುರಿಸಿ ಉಜ್ತಾರೆ. ಎರಡನ್ನೂ ಅಲ್ಲೇ ನಿಂತು ತಡೀರಿ, ಮುಂದಿನ ವರ್ಷ ಪುಡಿ ಏಳೋದು ಇದರಿಂದಲೇ. ಹಳೇ ಜಾಯಿಂಟು ಎಲ್ಲಿತ್ತೋ ಅದೇ ಗೆರೆಯಲ್ಲಿ ಮೇಲ್ಪದರವನ್ನೂ ಪೂರ್ತಿ ಆಳಕ್ಕೆ ಕೊಯ್ಯಿಸಿ, ಇಲ್ದಿದ್ರೆ ಅದು ತಾನೇ ಅಲ್ಲಿ ಬಿರಿದು ತೋರಿಸ್ತದೆ. ಫಿನಿಶಿಂಗ್ ಇಳಿಜಾರಿಗೆ ಅಡ್ಡ ಹಿಡಿ ಎಳೆದ ಗೆರೆಯೇ ಆಗ್ಬೇಕು, ಕರಣೆಯಲ್ಲಿ ನುಣುಪು ಮಾಡಿದ್ರೆ ಆಷಾಢದಲ್ಲಿ ಅಡಿಕೆ ದಬ್ಬೆ ಹಾಸಿಯೇ ಓಡಾಡ್ಬೇಕಾಗ್ತದೆ.

ಗಾಳಿ ಬಿಸಿಲು ತಾಗದ ಹಾಗೆ ಹಸಿ ಗೋಣಿಚೀಲ ಮುಚ್ಚಿ, ಮೇಲೆ ಸೋಗೆ ಹಾಸಿ 7 ದಿನ ಒಣಗೋಕೆ ಬಿಡ್ಬೇಡಿ. ಕಾರು ಹತ್ತು ದಿನ ಹೊರಗೇ ಇರ್ಲಿ. ಕೊನೇ ಕಂತಿನ ದುಡ್ಡು ಒಂದು ತಿಂಗಳು ತಡೆದು ಇಟ್ಕೊಳ್ಳಿ. ಅದೇ ಸುತ್ತಿಗೆ ತಗೊಂಡು, ಮೇಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಮತ್ತೆ ತಟ್ಟಿ, ಡಬ್ ಅಂದ ಕಡೆಗೆಲ್ಲ ಗೀಟು ಹಾಕಿ ಅವರಿಗೇ ತೋರಿಸಿ.